ಹಿಮಸ್ನಾನವೂ ಮುಚ್ಚಳಿಕೆಯೂ

ಬೆಂಗಳೂರಿನ ವ್ಯಾಯಾಮಶಾಲೆಗಳಲ್ಲಿಯೂ ವಾರಾಂತ್ಯದ ಆರೋಗ್ಯಮೇಳಗಳಲ್ಲಿಯೂ ಈಚೆಗೆ ಬಳಕೆಗೆ ಬಂದಿರುವ ಐಸ್ ಬಾತ್ ಎಂಬ ಹಿಮಸ್ನಾನಕ್ಕೆ ಯಾವ ಕಟ್ಟುಪಾಡೂ ಬೇಡ, ಬರುವವರೆಲ್ಲರೂ ಪ್ರಾಯಸ್ಥರು, ಆಗುವುದಕ್ಕೆ ತಾವೇ ಹೊಣೆಯೆಂದು ಮುಚ್ಚಳಿಕೆ ಬರೆದುಕೊಟ್ಟೇ ನೀರಿಗಿಳಿಯುತ್ತಾರೆ ಎಂದು ವಾದಿಸುವವರು ಉಂಟು. ಈ ವಾದವನ್ನು ನಾನು ಒಪ್ಪಲಾರೆ. ತನ್ನ ದೇಹವು ಎಷ್ಟು ಚಳಿಯನ್ನು ಸಹಿಸಬೇಕೆಂದು ನಿರ್ಣಯಿಸುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇರತಕ್ಕದ್ದೇ. ಆದರೆ ತನಗಿಂತ ಮೊದಲು ಅದೇ ತೊಟ್ಟಿಯಲ್ಲಿ ಕುಳಿತೆದ್ದ ಅಪರಿಚಿತರು ನೀರಿನಲ್ಲಿ ಏನನ್ನು ಬಿಟ್ಟುಹೋಗಿದ್ದಾರೆಂಬುದು ಅವನ ಕಣ್ಣಿಗೆ ಕಾಣದು, ಕಾಣದುದಕ್ಕೆ ಕೊಟ್ಟ ಸಮ್ಮತಿಯು ಸಮ್ಮತಿಯೆನಿಸದು.

ಶೀತವೇ ನೀರನ್ನು ಶುದ್ಧವಾಗಿಡುವುದೆಂಬ ನಂಬಿಕೆ ಈ ಸ್ನಾನಗಳನ್ನು ನಡೆಸುವವರಲ್ಲಿಯೂ ಇದೆ. ಶೈತ್ಯವು ರೋಗಾಣುಗಳ ವೃದ್ಧಿಯನ್ನು ನಿಧಾನಗೊಳಿಸುವುದೇ ಹೊರತು ಅವನ್ನು ಕೊಲ್ಲದು. ಮೇಲಾಗಿ, ನೀರು ತಣ್ಣಗಾದಷ್ಟೂ ಕ್ಲೋರಿನ್ನಿನ ಕ್ರಿಯೆಯೂ ಮಂದವಾಗುವುದು. ಲಕ್ಷಾಂತರ ಲೀಟರಿನ ಈಜುಕೊಳದಲ್ಲಿ ಹಂಚಿಹೋಗುವ ಒಬ್ಬನ ಬೆವರು, ಮುನ್ನೂರು ನಾನೂರು ಲೀಟರಿನ ತೊಟ್ಟಿಯಲ್ಲಿ ಕ್ಲೋರಿನ್ನನ್ನು ಬೇಗನೆ ವ್ಯಯಗೊಳಿಸಿಬಿಡುತ್ತದೆ. ಕರಗುವ ಮಂಜುಗಡ್ಡೆಯು ಉಳಿದುದನ್ನೂ ತೆಳುವಾಗಿಸುತ್ತದೆ. ಆ ಗಡ್ಡೆಯಾದರೂ ಕುಡಿಯುವ ನೀರಿನಿಂದಲೇ ಆದುದೋ ಎಂದು ವಿಚಾರಿಸುವವರೆಷ್ಟು ಮಂದಿ? ಈಜುಕೊಳದ ನೀರಿಗೆ ಭಾರತೀಯ ಮಾನಕ ಸಂಸ್ಥೆಯ 3328ನೆಯ ಮಾನಕವಿರುವಾಗ, ಅದಕ್ಕಿಂತ ಬೇಗ ಕೆಡುವ ತೊಟ್ಟಿಯ ನೀರಿಗೆ ಮಾನಕವೇ ಬೇಡವೆನ್ನುವುದು ಯಾವ ನ್ಯಾಯ?

ಇನ್ನು ಪ್ರಾಣಾಪಾಯದ ಮಾತು. ತಣ್ಣೀರಿಗಿಳಿದ ಮೊದಲ ಎರಡು ಮೂರು ನಿಮಿಷಗಳಲ್ಲಿ ಉಸಿರು ತಡೆಯಿಲ್ಲದೆ ಏದುತ್ತದೆ, ನಾಡಿಯೂ ರಕ್ತದೊತ್ತಡವೂ ಏರುತ್ತವೆ. ಆ ಸ್ಥಿತಿಯಲ್ಲಿ ಮುಖವನ್ನೂ ಮುಳುಗಿಸಿ ಉಸಿರು ಬಿಗಿಹಿಡಿದರೆ, ಹೃದಯವನ್ನು ವೇಗಗೊಳಿಸುವ ಮತ್ತು ನಿಧಾನಗೊಳಿಸುವ ಎರಡು ನರಸಂದೇಶಗಳು ಏಕಕಾಲದಲ್ಲಿ ಬಂದು ಅದರ ಲಯ ತಪ್ಪಬಹುದೆಂದು ಮೈಕೆಲ್ ಶಾಟಕ್ ಮತ್ತು ಮೈಕೆಲ್ ಟಿಪ್ಟನ್ ಎಂಬ ವಿಜ್ಞಾನಿಗಳು 2012ರಲ್ಲಿ ವಿವರಿಸಿದ್ದಾರೆ. ಇಷ್ಟಿದ್ದರೂ ನೆರೆದವರ ಚಪ್ಪಾಳೆಯ ನಡುವೆ ತಲೆಯನ್ನೂ ಮುಳುಗಿಸಲು ಹುರಿದುಂಬಿಸುವುದು, ಇಳಿಯುವ ಮುನ್ನ ರಭಸದ ಉಸಿರಾಟವನ್ನು ಮಾಡಿಸುವುದು ನನಗೆ ಅಕ್ಷಮ್ಯವಾಗಿ ತೋರುತ್ತದೆ. ಶೀತಲ ಕಟಿಸ್ನಾನವು ನಮ್ಮ ನಾಡಿಗೆ ಹೊಸತೇನಲ್ಲ. ಆದರೆ ಉಜಿರೆಯಂತಹ ಪ್ರಕೃತಿ ಚಿಕಿತ್ಸೆಯ ನೆಲೆಗಳಲ್ಲಿ ಅದನ್ನು ವಿಧಿಸುವವರು ಐದೂವರೆ ವರ್ಷ ವ್ಯಾಸಂಗ ಮಾಡಿದ ಪ್ರಕೃತಿ ಚಿಕಿತ್ಸಾ ವೈದ್ಯರು. ಮೇಳದ ತೊಟ್ಟಿಯ ಬಳಿ ನಿಲ್ಲುವವನಿಗೆ ನಾಡಿ ಹಿಡಿಯಲಾದರೂ ಬರಬೇಡವೆ?

ನಗರಪಾಲಿಕೆಗಳು ಇದಕ್ಕೆ ಪ್ರತ್ಯೇಕ ಪರವಾನಗಿಯನ್ನು ವಿಧಿಸತಕ್ಕದ್ದು. ಹೃದ್ರೋಗಿಗಳನ್ನೂ ಅಧಿಕ ರಕ್ತದೊತ್ತಡವುಳ್ಳವರನ್ನೂ ಅಪಸ್ಮಾರವುಳ್ಳವರನ್ನೂ ಗರ್ಭಿಣಿಯರನ್ನೂ ಸೌಜನ್ಯದಿಂದ, ಆದರೆ ದೃಢವಾಗಿ, ಹಿಂದಿರುಗಿಸಬೇಕು. ಉಳಿದವರು ಸಾಬೂನು ಹಚ್ಚಿ ಮೈ ತೊಳೆದುಕೊಂಡೇ ಇಳಿಯಬೇಕು. ನೀರಿನ ಉಷ್ಣತೆ ಹೊಸಬರಿಗೆ 10 ಡಿಗ್ರಿಗಿಂತ ಕೆಳಗಿಳಿಯಕೂಡದು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರ ಪಿಎಚ್ ಅಂಕ ಇವೆಯೇ ಎಂದು ಗಂಟೆಗೊಮ್ಮೆ ಪರೀಕ್ಷಿಸಿ ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆಯಬೇಕು. ಶೋಧಕಯಂತ್ರವಿಲ್ಲದ ತೊಟ್ಟಿಯಾದರೆ ಪ್ರತಿಯೊಬ್ಬ ಎದ್ದ ಮೇಲೂ ನೀರು ಚೆಲ್ಲಿ ಉಜ್ಜಿ ತೊಳೆಯುವುದೊಂದೇ ದಾರಿ. ಇದರಿಂದ ವ್ಯಾಪಾರ ಗಿಟ್ಟದೆಂದು ನಡೆಸುವವರು ಹೇಳುವರು. ಗಿಟ್ಟದಿದ್ದರೆ ಶೋಧಕವನ್ನು ಕೊಳ್ಳಲಿ, ಅಥವಾ ತೊಟ್ಟಿಯನ್ನು ಮುಚ್ಚಲಿ. ಬರೆಸಿಕೊಂಡ ಮುಚ್ಚಳಿಕೆಯನ್ನು ಮುಂದೊಡ್ಡಿ ಕೊಳಕು ನೀರಿಗೆ ಹಣ ಪಡೆಯುವುದನ್ನು ಮಾತ್ರ ಪಾಲಿಕೆಯ ಆರೋಗ್ಯಾಧಿಕಾರಿಗಳು ಇನ್ನು ಒಂದು ದಿನವೂ ಸಹಿಸಕೂಡದು.