ಆ ಪಾಠ ಮನೆಯಲ್ಲೇ ಓದಿಕೊಳ್ಳಿ



ನಲ್ಲಿಯಲ್ಲಿ ನೀರು ನಿಂತರೆ ನಮ್ಮ ಹಲಸೂರಿನ ಹೆಂಗಸರು ಬಿಂದಿಗೆ ಹಿಡಿದು ರಸ್ತೆಗೆ ಇಳಿಯುತ್ತಾರೆ. ಶಿವಾಜಿನಗರದಲ್ಲಿ ಮೋರಿ ಉಕ್ಕಿದರೆ, ಇಂದಿರಾನಗರದಲ್ಲಿ ಬೀದಿದೀಪ ಕೆಟ್ಟರೆ, ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಗಾಡಿಗಳು ಕದಲದೆ ನಿಂತರೆ ಯಾರಾದರೊಬ್ಬರು ದೂರು ಬರೆದೇ ಬರೆಯುತ್ತಾರೆ. ಶಾಲೆಯಲ್ಲಿ ಒಂದು ಪಾಠ ಮಾತ್ರ ವರ್ಷವರ್ಷವೂ ನಡೆಯದೆ ಹೋಗುತ್ತದೆ. ಅದಕ್ಕಾಗಿ ಬಿಂದಿಗೆ ಹಿಡಿದು ನಿಂತವರನ್ನು ನಾನಿನ್ನೂ ಕಂಡಿಲ್ಲ. ಹಾಗಾಗಿ ಈ ಪತ್ರ.

ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠ ಇದೆ. ಹತ್ತನೆಯದರಲ್ಲಿ ಜೀವಿಗಳ ಸಂತಾನೋತ್ಪತ್ತಿಯ ಪಾಠ ಇದೆ. ಪುಸ್ತಕ ಬರೆದವರು ತಮ್ಮ ಕೆಲಸ ಮಾಡಿದ್ದಾರೆ. ಚಿತ್ರ ಇದೆ, ಒಂದೊಂದು ಭಾಗದ ಹೆಸರೂ ಇದೆ.

ತರಗತಿಯಲ್ಲಿ ಏನಾಗುತ್ತದೆ ನೋಡಿ. ಅಮೀಬಾ ಒಡೆದು ಎರಡಾಗುವುದನ್ನು ಚೆನ್ನಾಗಿ ಹೇಳುತ್ತಾರೆ. ಹೈಡ್ರಾ ಮೊಗ್ಗು ಬಿಡುವುದನ್ನೂ ಹೇಳುತ್ತಾರೆ. ಮಕ್ಕಳಿಂದ ದಾಸವಾಳ ತರಿಸಿ, ಬ್ಲೇಡಿನಲ್ಲಿ ಸೀಳಿ, ಕೇಸರ ಯಾವುದು, ಶಲಾಕೆ ಯಾವುದು ಎಂದು ತೋರಿಸುತ್ತಾರೆ. ಹೂವಿನ ನೀಳಛೇದ ನೋಟ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡು ತುಂಬುತ್ತದೆ. ಮನುಷ್ಯನ ಪುಟ ಬಂದೊಡನೆ ಗಂಟಲು ಒಣಗುತ್ತದೆ. "ಇದನ್ನು ಮನೆಯಲ್ಲೇ ಓದಿಕೊಳ್ಳಿ. ಚಿತ್ರ ಪರೀಕ್ಷೆಗೆ ಬರಬಹುದು, ಬಿಡಿಸಿ ರೂಢಿ ಮಾಡಿಕೊಳ್ಳಿ." ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಮುಂದಿನ ಪಾಠ ಶುರು.

ದಾಸವಾಳಕ್ಕೆ ಮೂರು ದಿನ, ಮನುಷ್ಯನಿಗೆ ಹತ್ತು ನಿಮಿಷ.

ಇದು ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಮನೆಯಲ್ಲೇ ಓದಿಕೊಳ್ಳಿ ಎಂದವಳು ನಾನೇ. ಮೂವತ್ತು ವರ್ಷ ವಿಜ್ಞಾನ ಹೇಳಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಆ ಪಾಠವನ್ನು ಪೂರ್ತಿ ಮಾಡಲು ಹೊರಟಿದ್ದೆ. "ನಿಮಗೇಕಮ್ಮ ಇಲ್ಲದ ಉಸಾಬರಿ" ಎಂಬ ಒಂದೇ ಮಾತು ಮೇಲಿನಿಂದ ಬಂತು. ಅಷ್ಟೇ ಸಾಕಾಯಿತು. ಮುಂದಿನ ವರ್ಷದಿಂದ ನಾನೂ ಕಲಿತುಕೊಂಡೆ. ಆ ಅಪರಾಧವನ್ನು ಒಪ್ಪಿಕೊಂಡೇ ಈ ದೂರು ಬರೆಯುತ್ತಿದ್ದೇನೆ.

ಮನೆಯಲ್ಲಿ ಓದಿಕೊಳ್ಳಿ ಎಂದರೆ ಯಾವ ಮನೆಯಲ್ಲಿ? ಅಪ್ಪ ನಸುಕಿನಲ್ಲೇ ರಸೆಲ್ ಮಾರುಕಟ್ಟೆಗೆ ಹೋಗುತ್ತಾನೆ. ಅಮ್ಮ ಇಂದಿರಾನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬರುತ್ತಾಳೆ. ಇರುವ ಒಂದೇ ಕೋಣೆಯಲ್ಲಿ ಅಜ್ಜಿ, ತಂಗಿ, ಟಿ.ವಿ. ಎಲ್ಲ ಇರುವಾಗ ಹುಡುಗ ಆ ಪುಟ ಬಿಚ್ಚಿ ಕೂರಬೇಕೇ?

ಭಾಷೆಯದು ಇನ್ನೊಂದು ಪಾಡು. ನಮ್ಮ ಬೆಂಗಳೂರು ದಂಡು (ಕಂಟೋನ್ಮೆಂಟ್) ಪ್ರದೇಶದ ಮಕ್ಕಳ ಮನೆಮಾತು ತಮಿಳು, ಉರ್ದು, ತೆಲುಗು, ಕನ್ನಡ. ಅಂಡಾಶಯ, ವೃಷಣ, ಶುಕ್ರಾಣು ಎಂಬ ಪುಸ್ತಕದ ಮಾತು ಕನ್ನಡದ ಮನೆಗೂ ಪರಕೀಯವೇ. ಮನೆಯಲ್ಲಿರುವುದು ಬೇರೆ ನಿಘಂಟು. ಹೊರಗೆ ಕೂತಿದ್ದಾಳೆ, ಕಾಗೆ ಮುಟ್ಟಿದೆ, ತಿಂಗಳದ್ದು, ಡೇಟು. ಮೂಗಿಗೆ ಮೂಗು ಎನ್ನುತ್ತೇವೆ, ಮೊಣಕಾಲಿಗೆ ಮೊಣಕಾಲು ಎನ್ನುತ್ತೇವೆ. ಹೊಕ್ಕುಳಿನ ಕೆಳಗಿನದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು: "ಅಲ್ಲಿ".

ಹುಡುಗಿ ಮೈನೆರೆದರೆ ಹಲಸೂರಿನ ಗಲ್ಲಿಯಲ್ಲಿ ಶಾಮಿಯಾನ ಏಳುತ್ತದೆ. ಅರಿಶಿನ ನೀರು, ರೇಷ್ಮೆ ಸೀರೆ, ಹಣ್ಣಿನ ತಟ್ಟೆಗಳ ಸಾಲು, ಮೈಕಿನಲ್ಲಿ ಹಾಡು. ಇಡೀ ಬೀದಿ ಊಟ ಮಾಡಿ ಹೋಗುತ್ತದೆ. ಮಣೆಯ ಮೇಲೆ ಕೂತ ಹುಡುಗಿಗೆ ಮಾತ್ರ ತನಗೇನಾಗಿದೆ ಎಂದು ಯಾರೂ ಹೇಳಿರುವುದಿಲ್ಲ. ಗಾಯವಾಗದೆ ರಕ್ತ ಬರುತ್ತಿದೆ, ಸತ್ತುಹೋಗುತ್ತೇನೇನೋ ಎಂದು ಶಾಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತ ಮಕ್ಕಳನ್ನು ನಾನು ಒಬ್ಬಿಬ್ಬರನ್ನಲ್ಲ ಕಂಡಿರುವುದು.

ಹೇಳಬೇಕಾದದ್ದು ಮಹಾ ಎಷ್ಟು? ಗರ್ಭಕೋಶ ಸೀಬೆಹಣ್ಣಿನ ಗಾತ್ರದ ಒಂದು ಸ್ನಾಯುಚೀಲ. ಅದರ ಎರಡೂ ಪಕ್ಕದಲ್ಲಿ ಒಂದೊಂದು ಅಂಡಾಶಯ. ಹೆಣ್ಣುಮಗು ಹುಟ್ಟುವಾಗಲೇ ಅಲ್ಲಿ ಹತ್ತು ಇಪ್ಪತ್ತು ಲಕ್ಷ ಎಳೆಯ ಅಂಡಗಳಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು 400 ಮಾತ್ರ. ಪ್ರತಿ ತಿಂಗಳೂ ಗರ್ಭಕೋಶ ಒಳಗೋಡೆಗೆ ಮೆತ್ತೆ ಹಾಸಿ ಕಾಯುತ್ತದೆ. ಗರ್ಭ ನಿಲ್ಲದಿದ್ದರೆ ಆ ಮೆತ್ತೆ ಕಳಚಿ ಹೋಗುತ್ತದೆ. ಮುಟ್ಟೆಂದರೆ ಇಷ್ಟೇ. ಅದರಲ್ಲಿ "ಕೆಟ್ಟ ರಕ್ತ" ಇಲ್ಲ, ಶಾಪವೂ ಇಲ್ಲ.

ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ಹೆಚ್ಚು. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಇದು ಗೊತ್ತಿಲ್ಲದ ಹುಡುಗಿ "ಎಲ್ಲರಿಗೂ ಹೀಗೇ ಇರಬೇಕು" ಎಂದುಕೊಂಡು ಸುಮ್ಮನಿರುತ್ತಾಳೆ. ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬೀಳುತ್ತಾಳೆ. "ತಿಂಡಿ ತಿಂದು ಬರಲ್ವಾ?" ಎಂದು ನಾವು ಅವಳನ್ನೇ ಗದರುತ್ತೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಊಟದ ಕೊರತೆ ಅದಕ್ಕೆ ದೊಡ್ಡ ಕಾರಣ, ನಿಜ. ಬಾಯಿಬಿಟ್ಟು ಹೇಳಲಾರದ ಸಂಕಟವೂ ಅದರಲ್ಲಿ ಸೇರಿದೆ.

ಗಂಡುಮಕ್ಕಳ ಗತಿ ಇದಕ್ಕಿಂತ ಕಡೆ. ಹುಡುಗಿಗೆ ಅಮ್ಮನೋ ಅಕ್ಕನೋ ಪಿಸುಮಾತಿನಲ್ಲಾದರೂ ಏನಾದರೂ ಹೇಳುತ್ತಾರೆ. ಹುಡುಗನಿಗೆ ಪಾಠ ಹೇಳುವುದು ಗೋಡೆ. ಮೇಲ್ಸೇತುವೆಯ ಕಂಬ, ಬಸ್ ನಿಲ್ದಾಣದ ಹಿಂಭಾಗ, ಸಾರ್ವಜನಿಕ ಶೌಚಾಲಯದ ಬಾಗಿಲು, ಎಲ್ಲಿ ನೋಡಿದರೂ ಗುಪ್ತರೋಗ, ಸ್ವಪ್ನಸ್ಖಲನ, ಧಾತು ನಷ್ಟ, ಒಂದೇ ಭೇಟಿಯಲ್ಲಿ ಪರಿಹಾರ. ನಿದ್ದೆಯಲ್ಲಿ ವೀರ್ಯ ಹೋಗುವುದು ಬೆಳೆಯುವ ಹುಡುಗರಲ್ಲಿ ಸಹಜ ಎಂದು ತರಗತಿಯಲ್ಲಿ ಒಂದು ವಾಕ್ಯ ಹೇಳಿದ್ದರೆ ಆ ಅಂಗಡಿಗಳು ಬಾಗಿಲು ಹಾಕಬೇಕಿತ್ತು. ನಾವು ಹೇಳಲಿಲ್ಲ. ನಮ್ಮ ಹುಡುಗರು ಬಾರದ ರೋಗಕ್ಕೆ ತಮ್ಮ ಮೊದಲ ಸಂಬಳ ಸುರಿದು ಬರುತ್ತಾರೆ.

ನಾಚಿಕೆಗೆ ದುಡ್ಡು ಹೋದರೆ ಹೋಗಲಿ ಎನ್ನೋಣ. ಅಂಗವೇ ಹೋಗುವುದೂ ಉಂಟು. ವೃಷಣಕ್ಕೆ ರಕ್ತ ಒಯ್ಯುವ ನಾಳಗಳ ಹುರಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ತಿರುಚಿಕೊಳ್ಳುತ್ತದೆ. ಹದಿಹರೆಯದಲ್ಲೇ ಇದು ಹೆಚ್ಚು. ಜೀವ ಹೋಗುವಂಥ ನೋವು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ತಡವಾದಷ್ಟೂ ಆಸೆ ಕಡಿಮೆ. ಎಲ್ಲಿ ನೋವು ಎಂದು ಕೇಳಿದರೆ ನಮ್ಮ ಹುಡುಗ "ಹೊಟ್ಟೆ" ಎನ್ನುತ್ತಾನೆ. ಅಮ್ಮ ಓಂಕಾಳಿನ ಕಷಾಯ ಕುಡಿಸಿ ಮಲಗಿಸುತ್ತಾಳೆ. ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಈ ಮಕ್ಕಳು ದೊಡ್ಡವರಾಗಿ ಮದುವೆಯಾಗುತ್ತಾರೆ. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಂಗಿಸುವ ಅತ್ತೆ, ತಲೆ ತಗ್ಗಿಸಿ ನಿಲ್ಲುವ ಸೊಸೆ, ಮಾತಾಡದ ಮಗ, ಮೂವರೂ ನಮ್ಮ ಶಾಲೆಗಳಲ್ಲೇ ಓದಿದವರು. ತಾಯಿಯ ಅಂಡದಲ್ಲಿರುವುದು ಎಕ್ಸ್ ವರ್ಣತಂತು ಒಂದೇ. ಅದಕ್ಕೆ ಎಕ್ಸ್ ಸೇರುವುದೋ ವೈ ಸೇರುವುದೋ, ಅಂದರೆ ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಇದು ಅಚ್ಚಾಗಿದೆ, ಅಂಕಕ್ಕೆಂದು ಉರು ಹೊಡೆದವರೂ ಇದ್ದಾರೆ. ಇದು ತಮ್ಮ ಅಪ್ಪ ಅಮ್ಮನ ಮಾತು, ನಾಳೆ ತಮ್ಮದೂ ಹೌದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ.

"ನಮ್ಮ ಸಂಸ್ಕೃತಿಗೆ ಇದು ಒಗ್ಗುವುದಿಲ್ಲ" ಎನ್ನುವವರಿಗೆ ಒಂದು ಮಾತು. 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯ ತೆರೆದು ಜಗತ್ತಿಗೆ ದಾರಿ ತೋರಿಸಿತ್ತು. ನಮ್ಮ ದಂಡು ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಇಲ್ಲಿಯೂ ಹಿರಿಯರು ಸುಮ್ಮನಿರಲಿಲ್ಲ. ಪರದೆಯ ಹೆಂಗಸರು ಸಂಕೋಚವಿಲ್ಲದೆ ಬಂದು ಹೆರಿಗೆ ಮಾಡಿಸಿಕೊಳ್ಳಲೆಂದು ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನ ಗೋಷಾ ಆಸ್ಪತ್ರೆ ಶಿವಾಜಿನಗರದಲ್ಲಿ ಎದ್ದಿತು. ನಾಚಿಕೆಯನ್ನು ಅವರು ಗೌರವಿಸಿದರು, ಅದರ ನೆಪದಲ್ಲಿ ಹೆಂಗಸರನ್ನು ಸಾಯಲು ಬಿಡಲಿಲ್ಲ. ಆಮೇಲೆ, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಗಳನ್ನು ಬರೆದರು. ಕನ್ನಡದ ಹೆಂಗಸರು ಅವನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಯಾರ ಸಂಸ್ಕೃತಿಯೂ ಕೆಡಲಿಲ್ಲ.

ಹಿಂದೆ ಸರಿದವರು ಈಚಿನವರು. ದೇಶದ ಶಾಲೆಗಳಿಗೆ ಹದಿಹರೆಯದ ಶಿಕ್ಷಣದ ಕಾರ್ಯಕ್ರಮ ಬಂದಾಗ, 2007ರಲ್ಲಿ, ಹಲವು ರಾಜ್ಯಗಳು ಬೇಡವೆಂದವು. ಅವುಗಳಲ್ಲಿ ನಮ್ಮದೂ ಒಂದು. ಆಗ ಎಂಟನೇ ತರಗತಿಯಲ್ಲಿದ್ದ ಮಕ್ಕಳಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಒಂದು ಪಾಠ ನಡೆಯಲು ಎರಡು ತಲೆಮಾರು ಕಾಯಬೇಕೇ?

ಕೇಳಿದರೆ ಸಿಗುವ ಉತ್ತರ ನಿಮಗೂ ಬಾಯಿಪಾಠವಿರಬೇಕು. ಶಾಲೆಯವರು, "ಪೋಷಕರು ಗಲಾಟೆ ಮಾಡುತ್ತಾರೆ" ಎನ್ನುತ್ತಾರೆ. ಪೋಷಕರು, "ಅದೆಲ್ಲ ಶಾಲೆಯಲ್ಲಿ ಹೇಳಿಕೊಡಬೇಕಲ್ಲವೇ?" ಎನ್ನುತ್ತಾರೆ. ಮೇಲಿನವರು, "ಪುಸ್ತಕದಲ್ಲಿ ಇದೆಯಲ್ಲ!" ಎನ್ನುತ್ತಾರೆ. ಅರ್ಜಿ ಕೊಟ್ಟರೆ "ಪರಿಶೀಲಿಸಲಾಗುವುದು". ಜ್ಞಾಪನ ಪತ್ರ ಕೊಟ್ಟರೆ ಅದೂ ಇಲ್ಲ. ಕೊಳಾಯಿ ಇದೆ, ನೀರಿಲ್ಲ. ಕೊಳಾಯಿ ಹಾಕಿಸಿದ್ದೇವಲ್ಲ ಎಂದರೆ ದಾಹ ತೀರುತ್ತದೆಯೇ?

ಇಷ್ಟು ಹೇಳಿದ ಮೇಲೂ ಇದೇನು ಅಂಥ ತುರ್ತಿನ ವಿಷಯವೇ ಎನ್ನುವವರು ಇರಬಹುದು. ಅವರಿಗಾಗಿ ಕೊನೆಯ ಮಾತು ಉಳಿಸಿಕೊಂಡಿದ್ದೇನೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು 2012ರಲ್ಲಿ ಪೋಕ್ಸೊ ಕಾಯ್ದೆ ಬಂತು. ಕಾಯ್ದೆ ಬಿಗಿಯಾಗಿದೆ, ಸಂತೋಷ. ಆದರೆ ಅದರ ಬಾಗಿಲು ತೆರೆಯಬೇಕಾದದ್ದು ಮಗುವಿನ ಮಾತು. ಯಾರು, ಯಾವಾಗ, ಎಲ್ಲಿ ಮುಟ್ಟಿದರು ಎಂದು ಮಗು ಹೇಳಬೇಕು. ನಾವು ಆ ಮಗುವಿಗೆ ಕಲಿಸಿಕೊಟ್ಟಿರುವುದು "ಅಲ್ಲಿ" ಎಂಬ ಒಂದೇ ಪದ, ಜೊತೆಗೆ ಅದನ್ನೂ ಆಡಬಾರದೆಂಬ ಗದರಿಕೆ. ಹೆಸರೇ ಗೊತ್ತಿಲ್ಲದ ಅಂಗಕ್ಕೆ ಆದದ್ದನ್ನು ಯಾವ ಮಗು ತಾನೇ ಹೇಗೆ ಹೇಳೀತು? ಮೋರಿ ಉಕ್ಕಿದರೆ ದೂರು ಬರೆಯಲು ನಮಗೆ ಮೋರಿ ಎಂಬ ಪದವಿದೆ. ಮಕ್ಕಳಿಗೆ ಆ ಪದವನ್ನೇ ಕೊಡದೆ, ಅವರು ದೂರಿಲ್ಲದೆ ಸುಖವಾಗಿದ್ದಾರೆ ಎಂದು ನಂಬಿ ಕೂತಿದ್ದೇವೆ.

ಶಾಲೆಯವರನ್ನೂ ಮೇಲಿನವರನ್ನೂ ನಾವು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ, ಹೊಸ ಕಟ್ಟಡವನ್ನೂ ಅಲ್ಲ. ಅಚ್ಚಾಗಿರುವ ಪಾಠವನ್ನು ಗಂಟೆ ಬಾರಿಸಿ, ಬಾಗಿಲು ತೆರೆದಿಟ್ಟು, ಗಂಡು ಹೆಣ್ಣು ಇಬ್ಬರಿಗೂ ಪೂರ್ತಿ ಮಾಡಿಸಿ. ಮಾಡುವ ಶಿಕ್ಷಕರಿಗೆ ಮೊದಲು ತರಬೇತಿ ಕೊಡಿ. ಯಾರಾದರೂ ಆಕ್ಷೇಪಿಸಿದರೆ ಶಿಕ್ಷಕರನ್ನು ಒಂಟಿಯಾಗಿ ಬಿಡದೆ ಅವರ ಬೆನ್ನಿಗೆ ನಿಲ್ಲಿ. ಪಾಠಕ್ಕೆ ಮೊದಲು ಒಂದು ಸಂಜೆ ಅಪ್ಪ ಅಮ್ಮಂದಿರನ್ನು ಕರೆದು, ಅವರ ಮಾತಿನಲ್ಲೇ, ತಮಿಳಿಗೆ ತಮಿಳು, ಉರ್ದುವಿಗೆ ಉರ್ದು, ಏನು ಹೇಳುತ್ತೇವೆಂದು ತಿಳಿಸಿ. ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಲು ಒಂದು ಡಬ್ಬಿ ಇಡಿ. ಆ ಚೀಟಿಗಳನ್ನು ಓದಿದ ದಿನ ನಿಮ್ಮ ಮೌನ ತಾನಾಗಿ ಮುರಿಯುತ್ತದೆ.

ಪೋಷಕರಲ್ಲಿ ಒಂದು ಕೋರಿಕೆ. ಈ ರಾತ್ರಿ ಮಕ್ಕಳು ಮಲಗಿದ ಮೇಲೆ ಅವರ ವಿಜ್ಞಾನದ ಪುಸ್ತಕ ತೆಗೆದು ಆ ಪುಟ ನೋಡಿ. ಬೇರೆ ಪಾಠಗಳಲ್ಲಿ ಶಿಕ್ಷಕರು ಹೇಳಿದ ಕಡೆಯೆಲ್ಲ ಪೆನ್ಸಿಲಿನ ಗೆರೆ ಇರುತ್ತದೆ, ಅಂಚಿನಲ್ಲಿ "ಮುಖ್ಯ" ಎಂದು ಬರೆದಿರುತ್ತದೆ. ಇಲ್ಲಿ ಒಂದು ಗೆರೆಯೂ ಇರುವುದಿಲ್ಲ. ಕಾಗದದ ಮೂಲೆ ಮಾತ್ರ ಬೆರಳಾಡಿಸಿ ಆಡಿಸಿ ಉಳಿದೆಲ್ಲ ಪುಟಗಳಿಗಿಂತ ಹೆಚ್ಚು ಮಾಸಿರುತ್ತದೆ. ಮಕ್ಕಳು ತಮ್ಮ ಪಾಲಿನದನ್ನು ಓದಿ ಮುಗಿಸಿದ್ದಾರೆ.

ಇತಿ,
ಹಲಸೂರಿನ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ