‘ಅಂತೆ’ ಮತ್ತು ‘ಆಗಿ’

ಪರಸ್ಥಳದಲ್ಲಿ ಓದುವ ಹುಡುಗನೊಬ್ಬನು ಕಾಯಿಲೆ ಬಿದ್ದ ತಂದೆಗೆ ‘ಲೈಕ್ ಯುವರ್ ಸನ್, ಐ ವಿಲ್ ಲುಕ್ ಆಫ್ಟರ್ ಯು’ ಎಂದು ಇಂಗ್ಲಿಷಿನಲ್ಲಿ ಬರೆದನು. ‘ಹಾಗಾದರೆ ಇವನು ನನ್ನ ಮಗನಲ್ಲವೇ?’ ಎಂದು ತಂದೆ ನನ್ನೆದುರು ಮರುಗಿದರು. ಹುಡುಗನ ಮನಸ್ಸು ನಿರ್ಮಲವಾಗಿತ್ತು, ತಪ್ಪಿದ್ದು ಪದ.

‘ಲೈಕ್’ ಉಪಮಾವಾಚಕ, ಉಪಮಾನವೂ ಉಪಮೇಯವೂ ಬೇರೆ ಬೇರೆಯೆಂಬುದೇ ಅದರ ಇಂಗಿತ. ನಾಮಪದಕ್ಕೆ ಮೊದಲು ಬರುವ ‘ಆ್ಯಸ್’ ಸಾಮಾನ್ಯವಾಗಿ ಇರುವ ಸ್ಥಾನವನ್ನೇ ಹೇಳುತ್ತದೆ. ಅದು ‘ಮಗನಂತೆ’, ಇದು ‘ಮಗನಾಗಿ’. ಗುಣವಾಚಕದ ಎರಡೂ ಬದಿಗೆ ‘ಆ್ಯಸ್’ ಬಂದರೆ ಮಾತ್ರ ಅದೂ ಉಪಮೆಯೇ: ‘ಆ್ಯಸ್ ವೈಟ್ ಆ್ಯಸ್ ಮಿಲ್ಕ್’, ಹಾಲಿನಷ್ಟು ಬಿಳುಪು.

ಬರೆಯುವ ಮುನ್ನ ‘ಅಂತೆ’ಯೋ ‘ಆಗಿ’ಯೋ ಎಂದು ಕನ್ನಡದಲ್ಲಿಯೇ ಕೇಳಿಕೊಳ್ಳಿರಿ. ಹುಡುಗನು ಆ ಒಂದು ಪದವನ್ನು ತಿದ್ದಿ ಮತ್ತೆ ಬರೆದನು. ಆ ಕಾಗದವು ಈಗ ತಂದೆಯ ದೇವರ ಜಗಲಿಯ ಮೇಲಿದೆ.