ಮಲಾರ್ತಿಕ್ ಎಂಬ ಫರಂಗಿಯ ಇಶ್ತಿಹಾರು

ಸಾಲಗಾಮೆ ಕಡೆಯಿಂದ ಹಾಸನದ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗರಲ್ಲಿ ಸಕಲೇಶಪುರದ ಮಂಜರಾಬಾದ್ ಕೋಟೆ ನೋಡದವರು ಕಡಿಮೆ. ಎಂಟು ಮೂಲೆಯ ನಕ್ಷತ್ರದಂತಿರುವ ಆ ಕೋಟೆಯನ್ನು ಟಿಪ್ಪು ಸುಲ್ತಾನ್ ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ. 'ಫ್ರೆಂಚ್' ಎಂಬ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಬಣಗಳು ಎದ್ದು ನಿಲ್ಲುತ್ತವೆ. ಒಂದಕ್ಕೆ ಅದು ದ್ರೋಹದ ಸಾಕ್ಷಿ: ಪರದೇಶದವರನ್ನು ಕರೆಸಿದವನು ಎಂಥ ದೇಶಪ್ರೇಮಿ? ಇನ್ನೊಂದಕ್ಕೆ, ಅಂದರೆ ಹೆಚ್ಚಾಗಿ ನಮ್ಮವರಿಗೆ, ಅದು ಬಿರುದು: ಕ್ರಾಂತಿಯ ಫ್ರಾನ್ಸಿಗೆ ನಮ್ಮ ಸುಲ್ತಾನ 'ಪ್ರಜೆ ಟಿಪ್ಪು' ಆಗಿದ್ದನಲ್ಲ! 2015ರಿಂದ 2018ರವರೆಗೆ ಸರಕಾರವೇ ಟಿಪ್ಪು ಜಯಂತಿ ನಡೆಸಿದಾಗ ಈ ಎರಡು ಮಾತುಗಳನ್ನು ಕೇಳಿ ಕೇಳಿ ನಮ್ಮ ಕಿವಿ ದಣಿದವು.

ಎರಡೂ ಬಣದವರು ಮಲಾರ್ತಿಕ್ ಎಂಬ ಒಬ್ಬ ಫರಂಗಿಯ ಬದುಕನ್ನು ತಿರುವಿ ನೋಡಿದ್ದರೆ ದನಿ ತಗ್ಗಿಸುತ್ತಿದ್ದರು.

ಈತ ಹುಟ್ಟಿದ್ದು 1730ರಲ್ಲಿ, ದಕ್ಷಿಣ ಫ್ರಾನ್ಸಿನ ಮೊಂತೊಬಾನ್‌ನಲ್ಲಿ, ಕುಲೀನರ ಮನೆಯಲ್ಲಿ. ಕೆನಡಾದಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿದ. ದೊರೆಯ ಸೇವೆಯಲ್ಲೇ ಮೇಲೇರಿದ. 1792ರಲ್ಲಿ ಇಂದಿನ ಮಾರಿಷಸ್, ಅಂದಿನ ಈಲ್ ದ ಫ್ರಾನ್ಸ್ ದ್ವೀಪಕ್ಕೆ ಗವರ್ನರ್ ಜನರಲ್ ಆಗಿ ಬಂದ. ನಮ್ಮ ಸುಲ್ತಾನ ಅರ್ಧ ರಾಜ್ಯ ಕಳೆದುಕೊಂಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಇಂಗ್ಲಿಷರ ಬಳಿ ಒತ್ತೆಯಿಟ್ಟದ್ದೂ ಅದೇ ವರ್ಷ. ಮರುವರ್ಷ ಪ್ಯಾರಿಸ್ಸಿನಲ್ಲಿ ದೊರೆಯ ತಲೆ ಉರುಳಿತು. ಕೌಂಟ್ ಮಲಾರ್ತಿಕ್ 'ಪ್ರಜೆ ಮಲಾರ್ತಿಕ್' ಆದ. ಕುರ್ಚಿ ಅಲ್ಲಾಡಲಿಲ್ಲ. ಗಾಳಿ ಬಂದ ಕಡೆ ತೂರಿಕೊಳ್ಳುವ ವಿದ್ಯೆ ನಮ್ಮ ರಾಜಕಾರಣಿಗಳಿಗೆ ಮಾತ್ರ ಗೊತ್ತು ಎಂದುಕೊಳ್ಳಬೇಡಿ.

ಆ ಕುರ್ಚಿಯನ್ನು ಹಿಡಿದು ನಿಲ್ಲಿಸಿದ್ದವರು ಯಾರು? ದ್ವೀಪದ ತೋಟದ ಧಣಿಗಳು. ಅಲ್ಲಿನ ಜನರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಗುಲಾಮರು. ಆಫ್ರಿಕದಿಂದ, ಮಡಗಾಸ್ಕರದಿಂದ ಹಿಡಿದು ತಂದವರು. ನಮ್ಮ ಬಂಗಾಳದಿಂದ, ಪಾಂಡಿಚೇರಿ ಕಡೆಯಿಂದ ಹಡಗು ಹತ್ತಿಸಿದವರೂ ಅವರಲ್ಲಿದ್ದರು. 1794ರಲ್ಲಿ ಫ್ರೆಂಚ್ ಗಣರಾಜ್ಯ ಗುಲಾಮಗಿರಿಯನ್ನು ರದ್ದು ಮಾಡಿತು. ದ್ವೀಪದಲ್ಲಿ ಆ ಆಜ್ಞೆ ಜಾರಿಯಾಗಲೇ ಇಲ್ಲ. 1796ರಲ್ಲಿ ಅದನ್ನು ಜಾರಿ ಮಾಡಲೆಂದು ಬಾಕೊ ಮತ್ತು ಬ್ಯುರ್ನೆಲ್ ಎಂಬ ಇಬ್ಬರು ಅಧಿಕಾರಿಗಳು ಪ್ಯಾರಿಸ್ಸಿನಿಂದ ಬಂದಿಳಿದರು. ಧಣಿಗಳು ಕೆಲವೇ ದಿನಗಳಲ್ಲಿ ಅವರನ್ನು ಹಡಗಿಗೆ ತುಂಬಿ ಹೊರಗಟ್ಟಿದರು. ಮಲಾರ್ತಿಕ್ ತಡೆಯಲಿಲ್ಲ. ಮುಂದೆಯೂ ಗಣರಾಜ್ಯದ ಹೆಸರಿನಲ್ಲೇ ಆಡಳಿತ ನಡೆಸಿದ.

ಇಂಥವನ ಬಾಗಿಲಿಗೆ 1798ರ ಜನವರಿಯಲ್ಲಿ ಟಿಪ್ಪುವಿನ ಇಬ್ಬರು ರಾಯಭಾರಿಗಳು ಬಂದರು. ಅದಕ್ಕೆ ಕಾರಣ ರಿಪೋ ಎಂಬ ಹಡಗುಗಳ್ಳ. 1797ರಲ್ಲಿ ಒಡೆದ ಹಡಗಿನೊಂದಿಗೆ ಮಂಗಳೂರು ಸೇರಿ, ದ್ವೀಪದಲ್ಲಿ ಸುಲ್ತಾನನಿಗಾಗಿ ದೊಡ್ಡ ಸೈನ್ಯ ಕಾದಿದೆ ಎಂದು ಬುರುಡೆ ಬಿಟ್ಟಿದ್ದವನು ಅವನು. ದ್ವೀಪದಲ್ಲಿ ಅಂಥ ಸೈನ್ಯವೇ ಇರಲಿಲ್ಲ. ಬಂದ ಕೆಲಸ ಗುಟ್ಟಾಗಿರಬೇಕಿತ್ತು. ಮಲಾರ್ತಿಕ್ ರಾಯಭಾರಿಗಳನ್ನು ಬಹಿರಂಗವಾಗಿ ಬರಮಾಡಿಕೊಂಡ. ಜನವರಿ 30ರಂದು ಒಂದು ಇಶ್ತಿಹಾರು ಅಚ್ಚು ಹಾಕಿಸಿ ಹಂಚಿದ: ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ಫ್ರೆಂಚರ ಸಹಾಯ ಬಯಸಿದ್ದಾನೆ, ಸೇರುವವರು ಹೆಸರು ಬರೆಸಿ, ಒಳ್ಳೆಯ ಸಂಬಳವಿದೆ. ಕಪ್ಪು ಬಣ್ಣದವರಿಗೂ ಅದರಲ್ಲಿ ಆಹ್ವಾನವಿತ್ತು, ಅವರು 'ಸ್ವತಂತ್ರ'ರಾಗಿದ್ದರೆ ಮಾತ್ರ. ಕಾನೂನಿನ ಪ್ರಕಾರ ಗುಲಾಮಗಿರಿ ಹೋಗಿ ನಾಲ್ಕು ವರ್ಷವಾದ ಮೇಲೆ ಬರೆದ ಮಾತು ಇದು. ಕ್ರಾಂತಿಯ ದೋಸ್ತಿ ಎಂದು ಎದೆಯುಬ್ಬಿಸುವ ನಮ್ಮವರು ಆ ಒಂದು ಪದದ ಮುಂದೆ ಒಂದು ನಿಮಿಷ ನಿಲ್ಲಲಿ.

ಆ ಏಪ್ರಿಲ್‌ನಲ್ಲಿ ಮಂಗಳೂರಿಗೆ ಬಂದಿಳಿದವರು ನೂರು ಮಂದಿಯೂ ಇರಲಿಲ್ಲ.

ಆದರೆ ಆ ಕಾಗದ ಕಲಕತ್ತೆ ತಲುಪಿತು. ಹೊಸದಾಗಿ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಜೂನ್‌ನಲ್ಲಿ ಅದನ್ನು ಪತ್ರಿಕೆಯಲ್ಲಿ ಓದಿದ. ಇಷ್ಟು ಬಹಿರಂಗವಾಗಿ ಯಾರಾದರೂ ಬರೆಯುತ್ತಾರೆಯೇ ಎಂದು ಮೊದಲು ಅವನಿಗೇ ಅನುಮಾನವಾಯಿತು. ಆಮೇಲೆ ಅದನ್ನೇ ಹಿಡಿದು ಮದ್ರಾಸಿನ ಸೇನೆಯನ್ನು ಸಜ್ಜುಗೊಳಿಸಿದ. ನೆಪ ಬೇಕಿದ್ದವನಿಗೆ ನೆಪ ಅಚ್ಚಾಗಿಯೇ ಬಂದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸುಲ್ತಾನ ಮಡಿದ.

ಟಿಪ್ಪು ಫ್ರೆಂಚರ ಸಹಾಯ ಕೇಳಿದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ನಿಜಾಮನ ಬಳಿ ರೇಮಂಡ್ ಕಟ್ಟಿದ ಫ್ರೆಂಚ್ ಪಡೆಯಿತ್ತು. ಸಿಂಧಿಯಾರ ದಂಡನ್ನು ದ ಬ್ವಾನ್ಯ, ಆಮೇಲೆ ಪೆರಾನ್ ನಡೆಸಿದರು. ಅವರ ದೇಶಪ್ರೇಮವನ್ನು ಹಾಸನದ ಯಾವ ಭಾಷಣಕಾರನೂ ಅಳೆಯುವುದಿಲ್ಲ. ಯಾರೋ ಎಲ್ಲೋ ಅಚ್ಚು ಹಾಕಿದ ಕಾಗದಕ್ಕೆ ಇನ್ನಾರೋ ಉತ್ತರ ಕೊಡಬೇಕೆಂಬ ನ್ಯಾಯ ವೆಲ್ಲೆಸ್ಲಿಯದು; ಅದನ್ನು ಇಂದೂ ನಮ್ಮ ಊರುಗಳಲ್ಲಿ ಕೆಲವರು ಕೈಬಿಟ್ಟಿಲ್ಲ. ಯಾರ ಮೇಲೆ ಎಂದು ಬಿಡಿಸಿ ಹೇಳಬೇಕೆ?

ಇನ್ನು ನಮ್ಮವರಿಗೆ ಒಂದು ಮಾತು. 'ಪ್ರಜೆ ಟಿಪ್ಪು'ವಿನ ಕಥೆ, ಶ್ರೀರಂಗಪಟ್ಟಣದ ಜಾಕೊಬಿನ್ ಕ್ಲಬ್ಬಿನ ಕಾಗದಗಳು ನಮ್ಮ ಕೈಗೆ ಬಂದಿರುವುದು ಇಂಗ್ಲಿಷರು ಪಟ್ಟಣ ಗೆದ್ದ ಮೇಲೆ ತಮ್ಮ ಯುದ್ಧವನ್ನು ಸಮರ್ಥಿಸಿಕೊಳ್ಳಲು ಅಚ್ಚು ಹಾಕಿಸಿದ್ದರಿಂದ. ವೈರಿ ಆರೋಪಪಟ್ಟಿಯಲ್ಲಿ ಬರೆದದ್ದನ್ನು ನಾವು ಸನ್ಮಾನಪತ್ರವೆಂದು ಓದುತ್ತಿದ್ದೇವೆ. ರೇಷ್ಮೆ, ಕೆರೆ, ರಾಕೆಟ್ಟು, ರೈತನ ಕಂದಾಯ: ಸುಲ್ತಾನನ ಬಗ್ಗೆ ಮಾತಾಡಲು, ಬೇಕಾದರೆ ಜಗಳವಾಡಲು, ಇಲ್ಲಿನ ಮಣ್ಣಿನದೇ ಸಂಗತಿಗಳು ಸಾಕಷ್ಟಿವೆ. ಗುಲಾಮರ ಧಣಿಗಳನ್ನು ಕಾದ ಗವರ್ನರನ ಸರ್ಟಿಫಿಕೇಟು ನಮಗೇಕೆ?

ಮಲಾರ್ತಿಕ್ 1800ರ ಜುಲೈನಲ್ಲಿ ಕುರ್ಚಿಯಲ್ಲಿದ್ದಂತೆಯೇ ತೀರಿಕೊಂಡ. ದ್ವೀಪ 1810ರಲ್ಲಿ ಇಂಗ್ಲಿಷರ ಪಾಲಾಯಿತು. ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು 1835ರಲ್ಲಿ. ಪೋರ್ಟ್ ಲೂಯಿಯ ಶಾಂ ದ ಮಾರ್ಸ್ ಮೈದಾನದಲ್ಲಿ ಅವನ ಗೋರಿ ಇಂದಿಗೂ ಇದೆ. ಅದೇ ಮೈದಾನದಲ್ಲಿ ಇಂಗ್ಲಿಷರು 1812ರಲ್ಲಿ ಕುದುರೆ ಜೂಜು ಶುರುಮಾಡಿದರು.